ಬಾಟಲಿಯಲ್ಲಿ ಮೇಣದಬತ್ತಿ ಉರಿಸುವ ದೀಪಗಳನ್ನು ನಿಲ್ಲಿಸುತ್ತಿದ್ದೇವೆ: ಕಾರಣ, ಬದಲಿ ವ್ಯವಸ್ಥೆ

ಪ್ರಿಯ ಗ್ರಾಹಕರೇ,

ನಮಸ್ಕಾರ. ಹಳೆಯ ಬಾಟಲಿಗಳಿಂದ ನಾವು ಮಾಡಿಕೊಡುವ ಸಾಮಾನುಗಳಲ್ಲಿ ಎರಡು ಮುಂದಿನ ತಿಂಗಳಿನಿಂದ ಸಿಗುವುದಿಲ್ಲ. ಒಂದು, ಒಳಗೆ ಮೇಣದಬತ್ತಿ ಉರಿಸುವ ಎಲ್ಲ ಬಗೆಯ ಬಾಟಲಿ ದೀಪಗಳು. ಇನ್ನೊಂದು, ದಾರಕ್ಕೆ ಅಸಿಟೋನ್ ಎಂಬ ದ್ರಾವಕ ಹಚ್ಚಿ ಬೆಂಕಿ ಕೊಟ್ಟು ಮನೆಯಲ್ಲೇ ಬಾಟಲಿ ಕತ್ತರಿಸುವ ಕಿಟ್. ದೀಪಗಳ ಜಾಗದಲ್ಲಿ ತಳದ ಬಳಿ ರಂಧ್ರ ಕೊರೆದ ಎಲ್‌ಇಡಿ ದೀಪಗಳು ಬರುತ್ತವೆ, ಕಿಟ್ಟಿನ ಜಾಗದಲ್ಲಿ ಚಕ್ರದ ಕಟರ್ ಇರುವ ಕಿಟ್. ಕೊರೆಯುವುದಕ್ಕೂ ಉಜ್ಜುವುದಕ್ಕೂ ಹೆಚ್ಚು ಹೊತ್ತು ಹಿಡಿಯುವುದರಿಂದ ಆರ್ಡರ್ ಕೈಸೇರಲು ಮೊದಲಿಗಿಂತ ಒಂದು ವಾರ ಹೆಚ್ಚು ಬೇಕಾಗುತ್ತದೆ.

ಮೇಣದಬತ್ತಿಯ ದೀಪಗಳನ್ನು ತುಂಬ ಜನ ಇಷ್ಟಪಟ್ಟು ಕೊಂಡಿದ್ದೀರಿ. ಆದ್ದರಿಂದ ಕಾರಣವನ್ನು ಪೂರ್ತಿ ಹೇಳಬೇಕು. ಬಾಟಲಿಯದು ಸೋಡಾ-ಲೈಮ್ ಎಂಬ ಸಾಮಾನ್ಯ ಗಾಜು. ಪ್ರಯೋಗಶಾಲೆಯ ಬೀಕರ್ ಮಾಡುವ ಬೋರೋಸಿಲಿಕೇಟ್ ಗಾಜಿಗಿಂತ ಇದು ಬಿಸಿಗೆ ಎರಡೂವರೆ ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಲೆಕ್ಕ ಹಾಕಿದರೆ ಹತ್ತು ಸೆಂಟಿಮೀಟರ್ ಉದ್ದದ ಗಾಜು 50 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದಾಗ ಹಿಗ್ಗುವುದು ಸುಮಾರು 0.045 ಮಿಲಿಮೀಟರ್. ಕೂದಲಿನ ದಪ್ಪಕ್ಕಿಂತ ಹೆಚ್ಚೇನಲ್ಲ. ಆದರೆ ಗಾಜಿಗೆ ಲೋಹದಂತೆ ಬಾಗಿ ಸರಿದುಕೊಳ್ಳುವ ಗುಣವಿಲ್ಲ, ಶಾಖವನ್ನು ಬೇಗ ಹರಡಿಕೊಳ್ಳುವ ಗುಣವೂ ಇಲ್ಲ. ಜ್ವಾಲೆಯ ಪಕ್ಕದ ಭಾಗ ಹಿಗ್ಗಲು ಹೊರಟಾಗ ತಣ್ಣಗಿರುವ ಭಾಗ ಅದನ್ನು ಹಿಡಿದು ನಿಲ್ಲಿಸುತ್ತದೆ. ಎಳೆತವೆಲ್ಲ ಆ ತಣ್ಣನೆಯ ಭಾಗದ ಮೇಲೆ ಬೀಳುತ್ತದೆ.

ಕತ್ತರಿಸಿದ ಬಾಟಲಿಯಲ್ಲಿ ಆ ತಣ್ಣನೆಯ ಭಾಗ ಹೆಚ್ಚಾಗಿ ಕತ್ತರಿಸಿದ ಅಂಚೇ ಆಗಿರುತ್ತದೆ. ಗಾಜಿನ ಬಲ ಅದರ ಮೈಮೇಲಿನ ಸೂಕ್ಷ್ಮ ಬಿರುಕುಗಳನ್ನು ಅವಲಂಬಿಸಿದೆ ಎಂದು ಬ್ರಿಟಿಷ್ ಎಂಜಿನಿಯರ್ ಎ. ಎ. ಗ್ರಿಫಿತ್ 1921ರಲ್ಲೇ ತೋರಿಸಿಕೊಟ್ಟರು. ಅಂಚನ್ನು ಎಷ್ಟೇ ನುಣುಪಾಗಿ ಉಜ್ಜಿದರೂ ಕಣ್ಣಿಗೆ ಕಾಣದ ಬಿರುಕುಗಳು ಅಲ್ಲಿ ಉಳಿದೇ ಉಳಿಯುತ್ತವೆ. ಕಾರ್ಖಾನೆಯಿಂದ ಬಂದ ಇಡೀ ಬಾಟಲಿಯ ಬಾಯಿ ಬೆಂಕಿಯಲ್ಲಿ ಕರಗಿ ರೂಪಗೊಂಡದ್ದು, ಆಮೇಲೆ ಇಡೀ ಬಾಟಲಿಯನ್ನು ಸುಮಾರು 550 ಡಿಗ್ರಿಯಿಂದ ನಿಧಾನವಾಗಿ ಆರಿಸಿರುತ್ತಾರೆ. ಉಜ್ಜಿದ ಅಂಚಿಗೆ ಆ ಭಾಗ್ಯವಿಲ್ಲ.

ಬತ್ತಿ ಹೊಸದಾಗಿದ್ದಾಗ ಏನೂ ಆಗುವುದಿಲ್ಲ, ಅದೇ ಮೋಸ. ಮೇಣ ಕೊನೆಯ ಒಂದು ಸೆಂಟಿಮೀಟರಿಗೆ ಇಳಿದಾಗ ಬತ್ತಿಯ ತಗಡಿನ ಬುಡ ನೇರವಾಗಿ ತಳಕ್ಕೆ ತಾಗಿ ತಳದ ನಡುಭಾಗವನ್ನು ಕಾಯಿಸುತ್ತದೆ. ತಳ ದಪ್ಪ, ಗೋಡೆ ತೆಳು, ಇವೆರಡರ ನಡುವಿನ ಮೂಲೆಯಲ್ಲಿ ಬಿರುಕು ಹುಟ್ಟುತ್ತದೆ. ಅಥವಾ ದೀಪ ಆರಿಸಿ ಬಿಸಿ ಬಾಟಲಿಯನ್ನು ಕಲ್ಲಿನ ಕಟ್ಟೆಯ ಮೇಲೆ ಇಟ್ಟಾಗ, ಇಲ್ಲವೇ ಒಂದು ಹನಿ ತಣ್ಣೀರು ಬಿದ್ದಾಗ. ಆಗ ಕರಗಿದ ಮೇಣ ಮೇಜಿನ ಮೇಲೆ ಹರಿಯುತ್ತದೆ, ಅದರ ಜೊತೆ ಬೆಂಕಿಯೂ ಇರಬಹುದು. ಕತ್ತು ಕಿರಿದಾದ ಬಾಟಲಿಗಳಲ್ಲಿ ಗಾಳಿ ಸಾಲದೆ ಜ್ವಾಲೆ ಮಸಿ ಕಾರುವುದು ಇನ್ನೊಂದು ತೊಂದರೆ. ಚಿಕ್ಕ ಬತ್ತಿ ಹಾಕಿದರೂ, ತಳಕ್ಕೆ ಮರಳು ಹರಡಿದರೂ ಅಪಾಯ ತಗ್ಗುತ್ತದೆಯೇ ಹೊರತು ಹೋಗುವುದಿಲ್ಲ. ಮನೆಯೊಳಗೆ ಇಡುವ ವಸ್ತುವಿಗೆ ಅಷ್ಟು ಸಾಲದು.

ನಿಮ್ಮ ಮನೆಯಲ್ಲಿ ಈಗಾಗಲೇ ಇರುವ ದೀಪಗಳಲ್ಲಿ ದಯವಿಟ್ಟು ಮತ್ತೆ ಬತ್ತಿ ಹಚ್ಚಬೇಡಿ. ಎಸೆಯುವ ಅಗತ್ಯವೂ ಇಲ್ಲ. ಕತ್ತಲ ಕೋಣೆಯಲ್ಲಿ ಟಾರ್ಚ್ ಬೆಳಕನ್ನು ಗಾಜಿನ ಪಕ್ಕದಿಂದ ಬಿಡಿ, ಬಿರುಕಿದ್ದರೆ ಬೆಳ್ಳಿಯ ಎಳೆಯಂತೆ ಹೊಳೆಯುತ್ತದೆ. ಬಿರುಕಿಲ್ಲದ ಬಾಟಲಿಯಿಂದ ಮೇಣ ತೆಗೆಯಲು ಅದನ್ನು ಬಕೆಟ್ಟಿನ ಸಾಧಾರಣ ನೀರಿನಲ್ಲಿ ಮುಳುಗಿಸಿಡಿ. ಹತ್ತು ನಿಮಿಷಕ್ಕೊಮ್ಮೆ ಒಂದಿಷ್ಟು ಬಿಸಿನೀರನ್ನು ಬಾಟಲಿಗೆ ತಾಗದಂತೆ ಬಕೆಟ್ಟಿನ ಅಂಚಿನಲ್ಲಿ ಸೇರಿಸುತ್ತಾ ಹೋಗಿ. ನೀರು 60 ಡಿಗ್ರಿಯ ಆಸುಪಾಸಿಗೆ ಬಂದಾಗ ಮೇಣ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಕುದಿಯುವ ನೀರನ್ನು ಮಾತ್ರ ನೇರ ಸುರಿಯಬೇಡಿ. ಮೇಣ ಬೆರೆತ ನೀರನ್ನು ಸಿಂಕಿಗೂ ಚೆಲ್ಲಬೇಡಿ, ಪೈಪಿನೊಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲೇ ತಣ್ಣಗಾಗಲು ಬಿಟ್ಟು, ಮೇಲೆ ತೇಲಿದ ಹೆಪ್ಪನ್ನು ಎತ್ತಿಹಾಕಿ. ಆಮೇಲೆ ಎಲ್‌ಇಡಿ ಸರ ಇಳಿಬಿಟ್ಟರೆ ಅದೇ ದೀಪ ಮತ್ತೆ ಬೆಳಗುತ್ತದೆ.

ಹೊಸ ದೀಪಗಳಲ್ಲಿ ತಾಮ್ರದ ತಂತಿಯ ಎರಡು ಮೀಟರ್ ಸರವನ್ನು ಬಳಸುತ್ತೇವೆ. ಬಾಟಲಿಯ ಬಾಯಿಗೆ ಬಿರಡೆಯಂತೆ ಕೂರುವ, ಗುಂಡಿ ಸೆಲ್ಲಿನ ಸರಗಳೂ ಮಾರುಕಟ್ಟೆಯಲ್ಲಿವೆ. ಅದಕ್ಕೆ ರಂಧ್ರ ಕೊರೆಯುವ ಶ್ರಮವೇ ಇಲ್ಲ, ಆದರೂ ಅದನ್ನು ಬಿಟ್ಟಿದ್ದೇವೆ. ಗುಂಡಿ ಸೆಲ್ಲನ್ನು ಮಗು ನುಂಗಿದರೆ ಅದು ಅನ್ನನಾಳವನ್ನು ಸುಡುತ್ತದೆ, ಅದಕ್ಕೆ ಕೆಲವೇ ಗಂಟೆ ಸಾಕು. ನಮ್ಮದು ಫೋನ್ ಚಾರ್ಜರಿಗೆ ಸಿಕ್ಕಿಸುವ 5 ವೋಲ್ಟಿನ ಸರ. ಅದಕ್ಕಾಗಿ ತಳದಿಂದ ಮೂರು ಸೆಂಟಿಮೀಟರ್ ಮೇಲೆ 12 ಮಿಲಿಮೀಟರಿನ ರಂಧ್ರ. ಇನ್ನೂ ಕೆಳಗೆ ಕೊರೆಯುವಂತಿಲ್ಲ, ಅಲ್ಲಿ ಗಾಜಿನ ದಪ್ಪ ಒಂದೇ ಸಮನಿರುವುದಿಲ್ಲ. ತಂತಿಗೆ ಗಾಜಿನ ಅಂಚು ತಾಗದಂತೆ ರಂಧ್ರಕ್ಕೊಂದು ರಬ್ಬರ್ ಬಳೆ ಇರುತ್ತದೆ. ಸ್ವಚ್ಛಗೊಳಿಸುವಾಗ ಅದನ್ನು ಕೀಳಬೇಡಿ.

ದಾರದ ಕಿಟ್ ನಿಲ್ಲಿಸಲು ಕಾರಣ ಎರಡು. ಅಸಿಟೋನ್ ಆವಿ ಬಲುಬೇಗ ಹೊತ್ತಿಕೊಳ್ಳುತ್ತದೆ, ಪಕ್ಕದಲ್ಲಿ ತೆರೆದಿಟ್ಟ ಡಬ್ಬಿಗೂ ಬೆಂಕಿ ಹಾರಬಹುದು. ಎರಡನೆಯದು ಕತ್ತರಿಸುವ ಗುಣಮಟ್ಟ. ಉರಿಯುವ ದಾರ ಮೂರು ನಾಲ್ಕು ಮಿಲಿಮೀಟರ್ ಅಗಲದ ಪಟ್ಟಿಯನ್ನು ಕಾಯಿಸುತ್ತದೆ, ಗಂಟಿರುವ ಕಡೆ ಇನ್ನೂ ಹೆಚ್ಚು. ತಣ್ಣೀರಿಗೆ ಅದ್ದಿದಾಗ ಬಿರುಕು ಆ ಪಟ್ಟಿಯೊಳಗೆ ತನಗೆ ಬೇಕಾದ ದಾರಿ ಹಿಡಿಯುತ್ತದೆ. ಮುಖ್ಯ ಬಿರುಕಿನಿಂದ ಕೆಳಕ್ಕೆ ಕವಲುಗಳೂ ಹೊರಡುತ್ತವೆ. ಅವು ಅಂದು ಕಾಣದಿದ್ದರೂ ವಾರಗಳ ನಂತರ ಸುಮ್ಮನೆ ಇಟ್ಟಲ್ಲೇ ಬೆಳೆಯಬಹುದು.

ಹೊಸ ಕಿಟ್ಟಿನಲ್ಲಿ ಗೆರೆ ಮೊದಲು, ಬಿಸಿ ಆಮೇಲೆ. ಬಿರುಕಿಗೆ ಹೋಗಬೇಕಾದ ದಾರಿ ಮೊದಲೇ ಹಾಕಿಕೊಟ್ಟಿರುತ್ತದೆ. ಬಾಟಲಿಯನ್ನು ಉರುಳುಗಾಲಿಗಳ ಮೇಲೆ ಮಲಗಿಸಿ, ಕಟರಿನ ಚಕ್ರಕ್ಕೆ ಒಂದು ತೊಟ್ಟು ತೆಳು ಎಣ್ಣೆ ಬಿಟ್ಟು, ಸಮನಾದ ಒತ್ತಡದಲ್ಲಿ ಬಾಟಲಿಯನ್ನು ಒಂದೇ ಒಂದು ಸುತ್ತು ತಿರುಗಿಸಿ. ಒತ್ತಡ ಸರಿಯಿದ್ದರೆ ಸರ್‍ರೆಂದು ಸಣ್ಣಗೆ, ಎಡೆಬಿಡದೆ ಸದ್ದು ಬರುತ್ತದೆ. ಕರಕರ ಎಂದು ಗಾಜಿನ ಪುಡಿ ಏಳುತ್ತಿದ್ದರೆ ಒತ್ತಡ ಹೆಚ್ಚಾಯಿತು ಎಂದರ್ಥ. ಗೆರೆ ಮಸುಕಾಯಿತೆಂದು ಅದರ ಮೇಲೆ ಇನ್ನೊಂದು ಸುತ್ತು ಹಾಕುವುದು ಎಲ್ಲರೂ ಮಾಡುವ ತಪ್ಪು. ಎರಡನೇ ಗೆರೆ ಮೊದಲನೆಯದರ ಒಳಗೇ ಬೀಳುವುದಿಲ್ಲ, ಪಕ್ಕದಲ್ಲಿ ಚಕ್ಕೆ ಎಬ್ಬಿಸುತ್ತದೆ, ಚಕ್ರವೂ ಮೊಂಡಾಗುತ್ತದೆ. ಬಾಟಲಿಯ ಮೈಮೇಲೆ ಉದ್ದಕ್ಕೂ ಇರುವ ಅಚ್ಚಿನ ಸಂದಿನ ಗೆರೆ ದಾಟುವಾಗ ಚಕ್ರ ಕುಪ್ಪಳಿಸುವುದುಂಟು, ಅಲ್ಲಿ ನಿಧಾನವಾಗಿ ಹೋಗಿ.

ಆಮೇಲೆ ಗೆರೆಯ ಮೇಲೆ ಸುಮಾರು 70 ಡಿಗ್ರಿಯ ನೀರನ್ನು ತೆಳುಧಾರೆಯಾಗಿ, ಬಾಟಲಿ ತಿರುಗಿಸುತ್ತಾ ಹದಿನೈದು ಸೆಕೆಂಡ್ ಹೊಯ್ಯಿರಿ, ಕೂಡಲೇ ನಲ್ಲಿಯ ತಣ್ಣೀರು ಅಷ್ಟೇ ಹೊತ್ತು. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಎರಡು ಭಾಗಗಳು ತಾವಾಗಿಯೇ ಬೇರೆಯಾಗುತ್ತವೆ. ಕೈಯಿಂದ ಎಳೆದರೆ ಕೊನೆಯಲ್ಲಿ ಕೊಂಡಿಯಂತಹ ಮೊನೆ ಉಳಿಯುತ್ತದೆ. ಐದಾರು ಸಲವಾದರೂ ಬಿಡದಿದ್ದರೆ ಗೆರೆಯ ಮೊದಲೂ ಕೊನೆಯೂ ಸೇರಿವೆಯೇ ನೋಡಿ, ಹೆಚ್ಚಾಗಿ ಅಲ್ಲೇ ಒಂದು ಕೂದಲೆಳೆಯ ಅಂತರ ಇರುತ್ತದೆ. ಚೌಕದ ಬಾಟಲಿ, ಉಬ್ಬಕ್ಷರದ ಬಾಟಲಿಗಳನ್ನು ಈ ಕಿಟ್ಟಿನಲ್ಲಿ ಪ್ರಯತ್ನಿಸಬೇಡಿ. ಅವಕ್ಕೆ ನೀರು ಹಾಯಿಸುತ್ತಾ ಕೊಯ್ಯುವ ಡೈಮಂಡ್ ಬ್ಲೇಡೇ ಬೇಕು.

ಉಜ್ಜುವುದಕ್ಕೆ ಸಿಲಿಕಾನ್ ಕಾರ್ಬೈಡ್ ವಾಟರ್ ಪೇಪರ್ 120, 220, 400, 600 ಈ ಕ್ರಮದಲ್ಲಿ ಕಿಟ್ಟಿನಲ್ಲಿದೆ (ಅಂಕಿ ಚಿಕ್ಕದಾದಷ್ಟು ಕಾಗದ ಒರಟು). ಮಟ್ಟಸವಾದ ಟೈಲ್ಸ್ ಮೇಲೆ ಒದ್ದೆ ಕಾಗದ ಹಾಸಿ, ಬಾಟಲಿಯನ್ನು ಬೋರಲು ಹಾಕಿ ಎಂಟರ ಆಕಾರದಲ್ಲಿ ತಿರುಗಿಸಿ. 120ರಲ್ಲೇ ಹೆಚ್ಚು ಹೊತ್ತು ನಿಲ್ಲಬೇಕು, ಅಂಚು ಪೂರ್ತಿ ಮಟ್ಟವಾಗಿ ಚಕ್ಕೆಗಳೆಲ್ಲ ಹೋಗುವವರೆಗೆ. ಇಲ್ಲಿ ಅವಸರ ಮಾಡಿ 400ಕ್ಕೆ ಹಾರಿದರೆ ಆ ಚಕ್ಕೆಯ ಗುರುತು ಎಷ್ಟು ಉಜ್ಜಿದರೂ ಹೋಗದು. ಒಳ ಅಂಚನ್ನೂ ಹೊರ ಅಂಚನ್ನೂ ಒಂದು ಮಿಲಿಮೀಟರಿನಷ್ಟು ಓರೆಯಾಗಿ ತೀಡಿ. ಕೊನೆಗೆ ಅಂಚಿನ ಸುತ್ತ ಹತ್ತಿ ಸವರಿ ನೋಡಿ, ಎಳೆ ಸಿಕ್ಕಿಕೊಂಡ ಕಡೆ ಇನ್ನೂ ಕೆಲಸ ಬಾಕಿಯಿದೆ. ಈ ಕೆಲಸ ಯಾವಾಗಲೂ ಒದ್ದೆಯಲ್ಲೇ ಆಗಬೇಕು. ಒಣಗಿಸಿ ಉಜ್ಜಿದರೆ ಗಾಜಿನ ಧೂಳು ಉಸಿರಿಗೆ ಹೋಗುತ್ತದೆ. ಉಜ್ಜಿದ ಕೆಸರನ್ನು ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೇ ಎಸೆಯಿರಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಕಿಟ್ಟಿನಲ್ಲಿದೆ, ಗೆರೆ ಹಾಕುವ ಮೊದಲೇ ಧರಿಸಿ.

ಈ ಅಂಚು ನೋಡಲು ನುಣುಪಾಗಿದ್ದರೂ ಇದನ್ನು ಕುಡಿಯುವ ಲೋಟವಾಗಿ ಬಳಸಬೇಡಿ. ಬಾಟಲಿ ಲೋಟ ಮಾಡಿಕೊಡಿ ಎಂದು ಹಲವರು ಕೇಳುತ್ತೀರಿ, ಮಾಡುವುದಿಲ್ಲ. ತೊಳೆಯುವಾಗಿನ ಸಣ್ಣ ತಾಕಾಟಕ್ಕೂ ಉಜ್ಜಿದ ಅಂಚಿನಿಂದ ಹರಳಿನಷ್ಟು ಚೂರು ಏಳಬಹುದು, ಅದು ತುಟಿಗೆ ತಾಗುವ ಜಾಗ.

ಬಣ್ಣ ಬಳಿದ ಹೂದಾನಿಗಳಲ್ಲಿ ಬದಲಾವಣೆಯಿಲ್ಲ. ಹೊಸದನ್ನು ಕೊಂಡ ಮೇಲೆ ಬಣ್ಣ ಪೂರ್ತಿ ಗಟ್ಟಿಯಾಗಲು 21 ದಿನ ಬಿಡಿ, ಅಲ್ಲಿಯವರೆಗೆ ತೊಳೆಯಬೇಡಿ.

ಬತ್ತಿಯಿಂದ ನೀರು ಹೀರುವ ಗಿಡದ ಬಾಟಲಿಗಳಲ್ಲಿ ಒಂದು ಸಣ್ಣ ತಿದ್ದುಪಡಿ ಇದೆ: ಇನ್ನು ಮುಂದೆ ಹಸಿರು ಮತ್ತು ಕಂದು ಗಾಜು ಮಾತ್ರ. ಬಿಳಿ ಗಾಜಿನಲ್ಲಿ ಬೇರು ಚೆಂದ ಕಾಣುವುದು ನಿಜ, ಆದರೆ ಬೆಳಕು ಧಾರಾಳವಾಗಿ ಒಳಹೋಗಿ ನೀರಿನಲ್ಲಿ ಪಾಚಿ ಬೇಗ ಕಟ್ಟುತ್ತದೆ, ಬತ್ತಿಯೂ ಲೋಳೆಯಾಗಿ ನೀರೆಳೆಯುವುದನ್ನು ನಿಲ್ಲಿಸುತ್ತದೆ. ಬಿಳಿಯದು ಈಗಾಗಲೇ ಇದ್ದರೆ ವಾರಕ್ಕೊಮ್ಮೆ ನೀರು ಬದಲಿಸಿ, ಕೆಳಭಾಗಕ್ಕೆ ದಪ್ಪ ಕಾಗದ ಸುತ್ತಿ. ಗಾಜಿನ ಒಳಗೆ ಗಡಸು ನೀರಿನ ಬಿಳಿ ಕಲೆ ಕೂತಿದ್ದರೆ ಬಿಳಿ ವಿನೆಗರನ್ನು ಅರ್ಧ ಗಂಟೆ ನಿಲ್ಲಿಸಿ ತೊಳೆದರೆ ಹೋಗುತ್ತದೆ.

ಹಳೆಯ ಮೇಣದ ದೀಪವನ್ನು ವಾಪಸ್ ಕೊಟ್ಟವರಿಗೆ ಎಲ್‌ಇಡಿ ಸರವನ್ನು ಉಚಿತವಾಗಿ ಕೊಡುತ್ತೇವೆ, ಬಿರುಕಿಲ್ಲದಿದ್ದರೆ ಅದೇ ಬಾಟಲಿಗೆ ಅಳವಡಿಸಿ ಕೊಡುತ್ತೇವೆ. ಬಿರುಕು ಬಿಟ್ಟದ್ದನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ 'ಒಡೆದ ಗಾಜು' ಎಂದು ಬರೆದು ತನ್ನಿ. ದಾರದ ಕಿಟ್ ಬಳಸದೆ ಇಟ್ಟುಕೊಂಡಿದ್ದರೆ ಹೊಸ ಕಿಟ್ಟಿಗೆ ಬದಲಾಯಿಸಿಕೊಳ್ಳಿ, ಅಸಿಟೋನ್ ಸೀಸೆಯ ಮುಚ್ಚಳ ಬಿಗಿಯಾಗಿರಲಿ, ಅದನ್ನು ಚೆಲ್ಲಿ ಖಾಲಿ ಮಾಡಿ ತರಬೇಡಿ. ಮೇಣದ ದೀಪಕ್ಕೆ ಈಗಾಗಲೇ ಆರ್ಡರ್ ಕೊಟ್ಟಿರುವವರು ಎಲ್‌ಇಡಿ ದೀಪ ಬೇಕೋ, ಹಣ ವಾಪಸ್ ಬೇಕೋ ತಿಳಿಸಿದರೆ ಸಾಕು.

ಇಂತಿ,
ಬಾಟಲಿ ಕೆಲಸದ ವಿಭಾಗದ ಸದಸ್ಯರು