ಸ್ವಂತ ಪ್ರೋಗ್ರಾಮ್ ಬರೆಯಹೊರಟ ಸೊಸೆಗೆ

ಚಿ. ಕು. ಮೇಧಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಸ್ಟ್ರಕ್ಚರ್, ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದಿಡುವುದು), ಫಂಕ್ಷನ್, ಫೈಲ್ ಎಲ್ಲವೂ ಇರುವ ಸ್ವಂತ ಪ್ರೋಗ್ರಾಮೊಂದನ್ನು ಸಿ ಭಾಷೆಯಲ್ಲಿ ಬರೆದು ತರಲು ಕಾಲೇಜಿನಲ್ಲಿ ಹೇಳಿದ್ದಾರೆಂದೂ, ವಿಷಯವೇ ಹೊಳೆಯುತ್ತಿಲ್ಲವೆಂದೂ ಬರೆದಿದ್ದೀಯೆ. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಯಾವುದನ್ನು ಎಲ್ಲಿ ತುರುಕಲಿ ಎಂದು ಯೋಚಿಸಬೇಡ. ವಿದ್ಯಾರ್ಥಿಗಳ ಅಂಕಪಟ್ಟಿಯ ಪ್ರೋಗ್ರಾಮಂತೂ ಬೇಡವೇ ಬೇಡ. ಅದನ್ನು ತಿದ್ದಿ ತಿದ್ದಿ ಮೇಷ್ಟ್ರುಗಳಿಗೂ ಸಾಕಾಗಿರುತ್ತದೆ. ನಿನ್ನ ಅಮ್ಮ ದಿನಾ ಎರಡು ಹೊತ್ತು ಹಾಲು ಹಾಕುವ ಡೈರಿಯ ಲೆಕ್ಕವನ್ನೇ ತೆಗೆದುಕೋ.

ಸದಸ್ಯತ್ವ ಸಂಖ್ಯೆ, ಹೆಸರು, ಬೆಳಿಗ್ಗೆಯೋ ಸಂಜೆಯೋ, ಹಾಲಿನ ಅಳತೆ, ಫ್ಯಾಟ್, ದರ ಇವಿಷ್ಟೂ ಒಂದೇ ನಮೂದಿಗೆ ಸೇರಿದವಾದ್ದರಿಂದ ಸ್ಟ್ರಕ್ಚರ್ ತಾನಾಗಿಯೇ ಬರುತ್ತದೆ. ನಮೂದುಗಳು ಎಷ್ಟಾಗುತ್ತವೆಂದು ಮೊದಲೇ ತಿಳಿಯದ ಕಾರಣ ಪ್ರೋಗ್ರಾಮ್ ಓಡುವಾಗಲೇ ಮೆಮೊರಿಯಲ್ಲಿ ಜಾಗ ಕೇಳುವ ಮ್ಯಾಲಾಕ್, ಆ ಜಾಗದ ಅಳತೆ ಬದಲಿಸುವ ರೀಅಲಾಕ್ ಬೇಕಾಗುತ್ತವೆ. ರೀಅಲಾಕ್ ಕೊಟ್ಟ ವಿಳಾಸವನ್ನು ಮೊದಲು ಬೇರೊಂದು ಪಾಯಿಂಟರಿನಲ್ಲಿ ಇಟ್ಟುಕೊಂಡು ನೋಡು. ಜಾಗ ಸಿಗದೆ ಅದು ನಲ್ (ಖಾಲಿ ವಿಳಾಸ) ಕೊಟ್ಟಾಗ ಹಳೆಯ ಪಾಯಿಂಟರಿಗೇ ಬರೆದುಬಿಟ್ಟಿದ್ದರೆ, ಅಲ್ಲಿಯವರೆಗಿನ ಲೆಕ್ಕವೆಲ್ಲ ಕೈತಪ್ಪುತ್ತದೆ. ಬಟವಾಡೆಗೆ ಮುಂಚೆ ಸದಸ್ಯತ್ವ ಸಂಖ್ಯೆಯಂತೆ ಜೋಡಿಸಲು ಸಿ ಭಾಷೆಯಲ್ಲೇ ಸಿದ್ಧವಿರುವ ಕ್ಯೂಸಾರ್ಟ್ ಬಳಸಿದರೆ, ಎರಡು ನಮೂದುಗಳನ್ನು ಹೋಲಿಸುವ ಫಂಕ್ಷನ್ನನ್ನು ನೀನೇ ಬರೆದು ಅದಕ್ಕೆ ಒಪ್ಪಿಸಬೇಕು. ಫಂಕ್ಷನ್ನಿನ ವಿಳಾಸ ಹಿಡಿಯುವ ಫಂಕ್ಷನ್ ಪಾಯಿಂಟರ್ ಏಕೆ ಬೇಕೆಂಬುದು ಅಲ್ಲಿ ತಿಳಿಯುತ್ತದೆ.

ಹೆಸರನ್ನು ಕನ್ನಡದಲ್ಲೇ ಇಡುವುದಾದರೆ, ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ನಮ್ಮ ಅಕ್ಷರಕ್ಕೂ ಗುಣಿತದ ಚಿಹ್ನೆಗೂ ಹಲಂತದ ಚಿಹ್ನೆಗೂ (್) ತಲಾ 3 ಬೈಟ್ ಹಿಡಿಯುತ್ತದೆಂಬುದು ನೆನಪಿರಲಿ. ‘ಕನ್ನಡ’ ಎಂಬ ಪದವೊಂದೇ 15 ಬೈಟ್; 20 ಬೈಟಿನ ಅರೇ (ಒಂದೇ ಬಗೆಯ ಖಾನೆಗಳ ಸಾಲು) ಇಟ್ಟರೆ ತುಸು ಉದ್ದದ ಹೆಸರೂ ಹಿಡಿಸದು. ಓದಲು ಎಫ್‌ಗೆಟ್ಸ್ ಬಳಸು. ಅದೇ ಕೆಲಸದ ಹಳೆಯ ಗೆಟ್ಸ್ ಅರೇಯ ಮಿತಿಯನ್ನೇ ನೋಡುವುದಿಲ್ಲವಾದ್ದರಿಂದ ಸಿ ಭಾಷೆಯ 2011ರ ಪ್ರಮಾಣಕದಲ್ಲಿ ಅದನ್ನು ತೆಗೆದೇಹಾಕಿದರು. ಹೆಸರಿಗೆ ಅರೇಯ ಬದಲು ಪಾಯಿಂಟರ್ ಇಟ್ಟು, ಸ್ಟ್ರಕ್ಚರನ್ನು ಇಡಿಯಾಗಿ ಎಫ್‌ರೈಟ್‌ನಿಂದ ಫೈಲಿಗೆ ಬರೆದರೆ ಉಳಿಯುವುದು ವಿಳಾಸವೇ ಹೊರತು ಹೆಸರಲ್ಲ. ಸಾಲಿಗೊಂದು ನಮೂದಿನಂತೆ ಸಾದಾ ಪಠ್ಯವಾಗಿಯೇ ಬರೆ.

ಹಣವನ್ನು ದಶಾಂಶ ಸಂಖ್ಯೆಗಳ ಫ್ಲೋಟ್‌ನಲ್ಲಿ ಇಡಬೇಡ, 0.1 ಎಂಬುದೇ ದ್ವಿಮಾನದಲ್ಲಿ ನಿಖರವಾಗಿ ಕೂರುವುದಿಲ್ಲ. ದರವನ್ನು ಪೈಸೆಯಲ್ಲೂ ಹಾಲನ್ನು ಮಿಲಿಲೀಟರಿನಲ್ಲೂ ಪೂರ್ಣಾಂಕವಾಗಿಡು. ಆದರೂ ಒಂದು ಎಚ್ಚರಿಕೆ ಬೇಕು: ಲೀಟರಿಗೆ 3,655 ಪೈಸೆಯಂತೆ 4,250 ಮಿಲಿಲೀಟರಿಗೆ ಗುಣಿಸಿ 1,000ದಿಂದ ಭಾಗಿಸಿದರೆ 15,533.75 ಬರಬೇಕು, ಪೂರ್ಣಾಂಕದ ಭಾಗಾಕಾರವೋ ಮುಕ್ಕಾಲು ಪೈಸೆಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಭಾಗಿಸುವ ಮುನ್ನ 500 ಕೂಡಿಸಿದರೆ 15,534 ಬರುತ್ತದೆ. ಲ್ಯಾಬಿನಲ್ಲಿ ಇನ್ನೂ ಟರ್ಬೋ ಸಿ ಎಂಬ ಹಳೆಯ ಕಂಪೈಲರ್ ಇದ್ದರೆ (ಇರುವ ಸಂಭವವೇ ಹೆಚ್ಚು) ಅದರ ಇಂಟ್ (ಪೂರ್ಣಾಂಕದ ಬಗೆ) 32,767ಕ್ಕೆ ನಿಲ್ಲುತ್ತದಾದ್ದರಿಂದ ಈ ಗುಣಾಕಾರಕ್ಕೆ ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್ ಬೇಕು.

ಆಯ್ಕೆಗೆ ತಕ್ಕ ಕೆಲಸ ಮಾಡಿಸುವ ಸ್ವಿಚ್ ಇಟ್ಟು ಮಾಡುವ ಮೆನು ಕೊನೆಗಿರಲಿ. ಅದಕ್ಕೂ ಮೊದಲು ಅಮ್ಮನ ಪಾಸ್‌ಬುಕ್ಕಿನಿಂದ ಒಂದು ಬಟವಾಡೆಯ ನಮೂದುಗಳನ್ನೆಲ್ಲ ತುಂಬಿಸಿ, ಮೊತ್ತ ಡೈರಿಯ ಬಿಲ್ಲಿಗೆ ತಾಳೆಯಾಗುತ್ತದೆಯೇ ನೋಡು. ಪೈಸೆಗಳಲ್ಲಿ ವ್ಯತ್ಯಾಸ ಬಂದರೆ ಅವರು ಪ್ರತಿ ಹೊತ್ತಿಗೂ ದುಂಡಾಗಿಸುತ್ತಾರೋ ಅಥವಾ ಒಟ್ಟು ಮೊತ್ತಕ್ಕೋ ಎಂದು ಕಾರ್ಯದರ್ಶಿಯವರನ್ನು ಕೇಳಿ, ನಿನ್ನ ಫಂಕ್ಷನ್ನನ್ನು ಅದಕ್ಕೆ ತಕ್ಕಂತೆ ತಿದ್ದು.

ಇಂತಿ ನಿನ್ನ ಮಾವ