ಪುಸ್ತಕ ಕಾಯುವ ಬಾವಲಿಗಳು

ಲಿಸ್ಬನ್, ಪೋರ್ಚುಗಲ್

ತೀರ್ಥರೂಪ ಅಜ್ಜನವರಿಗೆ ನಿಮ್ಮ ಮೊಮ್ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಟ್ಟದ ಪುಸ್ತಕಗಳಿಗೆ ಮತ್ತೆ ಒರಲೆ ಹಿಡಿದಿದೆ ಎಂದು ಅಮ್ಮ ಫೋನಿನಲ್ಲಿ ಹೇಳಿದಾಗ ನನಗೆ ಈ ದೇಶದ ಕೊಯಿಂಬ್ರಾ ನಗರದ ಜೊವಾನಿನಾ ಗ್ರಂಥಾಲಯ ನೆನಪಾಯಿತು. ಅಲ್ಲಿ ಪುಸ್ತಕಗಳನ್ನು ಹುಳುಗಳಿಂದ ಉಳಿಸುವ ಕೆಲಸದಲ್ಲಿ ಬಾವಲಿಗಳಿಗೂ ಪಾಲಿದೆ.

ಕೊಯಿಂಬ್ರಾದ ವಿಶ್ವವಿದ್ಯಾಲಯ 1290ರಷ್ಟು ಹಿಂದೆ ಸ್ಥಾಪನೆಯಾದದ್ದು. ಅದರ ಗುಡ್ಡದ ಮೇಲಿನ ಅಂಗಳದ ಮೂಲೆಯಲ್ಲಿ ಐದನೆಯ ಜೊವಾವ್ ಎಂಬ ದೊರೆ ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಈ ಗ್ರಂಥಾಲಯವನ್ನು ಕಟ್ಟಿಸಿದನು. ಕಮಾನುಗಳಿಂದ ಒಂದಕ್ಕೊಂದು ಸೇರಿದ ಮೂರು ದೊಡ್ಡ ಕೋಣೆಗಳು, ಎರಡು ಅಂತಸ್ತಿನ ಕಪಾಟುಗಳು, ಎಲ್ಲೆಲ್ಲಿಯೂ ಚಿನ್ನದ ಲೇಪ. ಕೊನೆಯ ಕೋಣೆಯ ಗೋಡೆಯಲ್ಲಿ, ದೇವರ ಪೀಠವಿರಬೇಕಾದ ಜಾಗದಲ್ಲಿ ದೊರೆಯದೇ ಚಿತ್ರವಿದೆ. ನಿಜ ಹೇಳಬೇಕೆಂದರೆ ಆ ಚಿನ್ನ ನನಗೆ ಸ್ವಲ್ಪ ಅತಿಯಾಯಿತು. ಅದಕ್ಕಿಂತ, ಕಪಾಟುಗಳ ನಡುವಿನ ಸಂದಿಯೊಳಗೆ ಕಾಣದಂತೆ ಸರಿಸಿಡುವ ಏಣಿಗಳು ಹೆಚ್ಚು ಹಿಡಿಸಿದವು.

ಕಟ್ಟಡದ ಜಾಣತನ ಗೋಡೆಯಿಂದಲೇ ಆರಂಭವಾಗುತ್ತದೆ. ಎರಡು ಮೀಟರಿಗಿಂತಲೂ ದಪ್ಪವಾದ ಆ ಗೋಡೆಗಳೂ ತೇಗದ ಭಾರಿ ಬಾಗಿಲೂ ಹೊರಗಿನ ಬಿಸಿಲು ಚಳಿಗಳನ್ನು ತಡೆಯುವುದರಿಂದ ಒಳಗಿನ ಹವೆ ವರ್ಷವಿಡೀ ಹೆಚ್ಚು ಏರಿಳಿಯುವುದಿಲ್ಲ. ಇಷ್ಟಾದ ಮೇಲೂ ಒಳಬರುವ ಹುಳುಗಳನ್ನು ಬಾವಲಿಗಳು ನೋಡಿಕೊಳ್ಳುತ್ತವೆ. ನಮ್ಮ ತೋಟದಲ್ಲಿ ಹಣ್ಣಡಿಕೆ ಚೀಪುವ ದೊಡ್ಡ ಜಾತಿಯ ಬಾವಲಿಗಳಲ್ಲ ಇವು. ಹಗಲೆಲ್ಲ ಕಪಾಟುಗಳ ಹಿಂದೆ ಅಡಗಿದ್ದು ಕತ್ತಲಾದ ಮೇಲೆ ಹೊರಬಂದು ಕೀಟಗಳನ್ನಷ್ಟೇ ತಿನ್ನುವ ಪುಟ್ಟ ಪ್ರಾಣಿಗಳು. ಹಾಳೆಯೊಳಗೆ ಕೊರೆಯುತ್ತಿರುವ ಹುಳುವನ್ನು ಅವು ಹಿಡಿಯಲಾರವು. ಆದರೆ ಆ ಹುಳುವೇ ಬೆಳೆದು, ರೆಕ್ಕೆ ಬಂದು, ಮತ್ತೊಂದು ಪುಸ್ತಕದಲ್ಲಿ ಮೊಟ್ಟೆಯಿಡಲು ಹಾರಿತೆಂದರೆ ಅವುಗಳ ಬಾಯಿಗೆ ಸಿಕ್ಕಿಬೀಳಬಹುದು.

ಈ ಸೇವೆಗೆ ತೆರಬೇಕಾದ ಬೆಲೆ ಹಿಕ್ಕೆ. ಆದ್ದರಿಂದ ಪ್ರತಿದಿನ ಸಂಜೆ ಬಾಗಿಲು ಹಾಕುವ ಮುನ್ನ ಹಳೆಯ ಮೇಜುಗಳ ಮೇಲೆ ಚರ್ಮದ ಹೊದಿಕೆಗಳನ್ನು ಹಾಸಿ, ಬೆಳಿಗ್ಗೆ ಅವುಗಳನ್ನು ತೆಗೆದು ನೆಲವನ್ನು ಸ್ವಚ್ಛಗೊಳಿಸುತ್ತಾರೆ. ಔಷಧ ಹೊಡೆದು ಬಾವಲಿಗಳನ್ನು ಓಡಿಸುವುದು ಸುಲಭವಿತ್ತು; ಹಾಗೆ ಮಾಡದೆ ದಿನವೂ ಗುಡಿಸುವುದನ್ನೇ ಆರಿಸಿಕೊಂಡವರ ಮೇಲೆ ನನಗೆ ಗೌರವ ಮೂಡಿತು. ಮಾಫ್ರಾ ಎಂಬ ಊರಿನ ಅರಮನೆಯ ಗ್ರಂಥಾಲಯದಲ್ಲಿಯೂ ಬಾವಲಿಗಳದೇ ಕಾವಲು.

ಇದನ್ನು ಓದಿ ಅಟ್ಟಕ್ಕೆ ಬಾವಲಿ ಬಿಡಲು ಹೊರಡುತ್ತೀರೆಂದು ಅಮ್ಮ ಹೆದರುವುದು ಬೇಡ! ಒರಲೆ ಮಣ್ಣಿನಿಂದ ಗೋಡೆಯೊಳಗೇ ಹಾದಿ ಮಾಡಿಕೊಂಡು ಬರುವುದರಿಂದ ಅದಕ್ಕೆ ಬಾವಲಿ ಮದ್ದಲ್ಲ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿ, ಕಾಲುಗಳ ಕೆಳಗೆ ಕಲ್ಲಿಟ್ಟರೆ ಮಣ್ಣಿನ ಗೆರೆ ಏರುವುದು ಕಣ್ಣಿಗಾದರೂ ಬೀಳುತ್ತದೆ. ಓಲೆಗರಿಯ ಕಟ್ಟಿಗೆ ನೀವು ಮಜ್ಜಿಗೆಹುಲ್ಲಿನ ಎಣ್ಣೆ ಸವರಿ ಬಜೆಯ ತುಂಡು ಇಡುವ ಕ್ರಮವನ್ನು ಮಾತ್ರ ಬಿಡಬೇಡಿ. ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥದ ಓಲೆಗಳು ನಮ್ಮ ಕರಾವಳಿಯ ಮಳೆಗಾಲಗಳನ್ನು ಶತಮಾನಗಳ ಕಾಲ ದಾಟಿ ಬಂದಿರುವಾಗ, ನಮ್ಮ ಮನೆಯ ಒಂದು ಕಟ್ಟು ಉಳಿಯದೆ ಇರಲು ಕಾರಣವಿಲ್ಲ.

ಒಂದು ಸಂಗತಿ ನಿಮಗೆ ವಿಶೇಷವಾಗಿ ಸಂತೋಷ ಕೊಡಬಹುದು. ಜೊವಾನಿನಾದ ಸುಮಾರು 60,000 ಸಂಪುಟಗಳು ಬರಿಯ ನೋಟಕ್ಕೆ ಇಟ್ಟವಲ್ಲ; ಅಧ್ಯಯನಕ್ಕೆ ಬೇಕೆಂದು ಸಕಾರಣವಾಗಿ ಕೇಳಿದವರಿಗೆ ಇಂದಿಗೂ ಓದಲು ಸಿಗುತ್ತವೆ. ನೀವು ಅಟ್ಟದ ಪುಸ್ತಕಗಳ ಪಟ್ಟಿ ಬರೆಯತೊಡಗಿದ್ದೀರೆಂದು ಅಮ್ಮ ಹೇಳಿದಳು. ಮುಗಿದ ಮೇಲೆ ಅದರ ಒಂದು ಪ್ರತಿಯನ್ನು ನನಗೂ ಕಳುಹಿಸಿ.

ಅಜ್ಜಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಇತಿ ನಿಮ್ಮ ಪ್ರೀತಿಯ ಮೊಮ್ಮಗಳು