ಕೆಂಪು ಗುಂಡಿ ಬೋಟಿನ ಪ್ರತಿಯೊಬ್ಬರಿಗೂ ಗೊತ್ತಿರಲಿ

ಮಾನ್ಯ ಸಂಪಾದಕರೇ,

ಜುಲೈ ಮುಗಿಯುತ್ತಾ ಬಂತೆಂದರೆ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಉಡುಪಿ, ಮಂಗಳೂರು ಕಡೆಯ ರಾತ್ರಿ ಬಸ್ಸಿಗೆ ಕಾಯುವ ಹುಡುಗರು ಜಾಸ್ತಿಯಾಗುತ್ತಾರೆ. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ಕಡೆಯವರು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗಸ್ಟ್ 1ಕ್ಕೆ ಮತ್ತೆ ಶುರು. ಮಲ್ಪೆ, ಮಂಗಳೂರು ಬಂದರಿನಲ್ಲಿ ಬೋಟ್ ಕೆಲಸಕ್ಕೆ ಜನ ಬೇಕು, ಇಲ್ಲಿ ಮಳೆ ಕೈಕೊಟ್ಟರೆ ಹೊಲದಲ್ಲಿ ಕೆಲಸ ಇರುವುದಿಲ್ಲ, ಹಾಗಾಗಿ ಅದುವರೆಗೆ ಕೆರೆ ಬಿಟ್ಟು ಬೇರೆ ನೀರು ನೋಡದ ಹುಡುಗ ಸೀದಾ ಹೋಗಿ ಆಳಸಮುದ್ರದ ಬೋಟ್ ಹತ್ತುತ್ತಾನೆ.

ನಾನು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವನು. ನನ್ನ ವಿದ್ಯಾರ್ಥಿಗಳ ಅಣ್ಣಂದಿರು, ಚಿಕ್ಕಪ್ಪಂದಿರು ಹೀಗೆ ಹೋಗಿದ್ದಾರೆ. ಒಬ್ಬ ತಾಯಿ ಫೀಸ್ ಕಟ್ಟಲು ಬಂದಾಗ ಹೇಳಿದ ಮಾತಿದು: "ಸಮುದ್ರದಾಗ ಫೋನ್ ಹತ್ತಲ್ಲಂತೆ ಸರ್, ಒಂದ್ಸಾರಿ ಹೋದ್ರೆ ವಾಪಸ್ ಬರೋತನಕ ಸುದ್ದೀನೇ ಇರಲ್ಲ." ಅವರು ಹೇಳಿದ್ದು ನಿಜ. ದಡ ಬಿಟ್ಟು ಒಂದಷ್ಟು ದೂರ ಹೋದ ಮೇಲೆ ಮೊಬೈಲ್ ಸತ್ತಂತೆಯೇ. ಅಲ್ಲಿ ಕೆಲಸಕ್ಕೆ ಬರುವುದು ವೈರ್‌ಲೆಸ್. ಅದರಲ್ಲೂ ಕೈಯಲ್ಲಿ ಹಿಡಿಯುವ, ಅಪಾಯದ ಕರೆಯ ಗುಂಡಿ ಇರುವ ಮೆರೈನ್ ರೇಡಿಯೊ. ಈ ಪತ್ರ ಅದರ ಬಗ್ಗೆ. ನನ್ನ ಮಾತು ಇಷ್ಟೇ: ಆ ರೇಡಿಯೊ ಬಳಸುವುದು ಬೋಟ್ ನಡೆಸುವ ತಾಂಡೇಲನಿಗೆ ಮಾತ್ರ ಗೊತ್ತಿದ್ದರೆ ಸಾಲದು. ನಮ್ಮ ಕಡೆಯಿಂದ ಮೊನ್ನೆ ತಾನೇ ಹೋಗಿ ಸೇರಿದ ಹುಡುಗನಿಗೂ ಗೊತ್ತಿರಬೇಕು. ಅವನು ಬೋಟ್ ಹತ್ತುವ ಮೊದಲೇ ಗೊತ್ತಿರಬೇಕು.

ಯಾಕೆ ಅಂದರೆ, ಬೋಟ್ ಮಗುಚಿದಾಗ ತಾಂಡೇಲ ಎಲ್ಲಿರುತ್ತಾನೋ ಹೇಳಲಾಗದು. ಅವನೇ ನೀರಿಗೆ ಬಿದ್ದಿರಬಹುದು, ತಲೆಗೆ ಪೆಟ್ಟಾಗಿರಬಹುದು. ಕ್ಯಾಬಿನ್ನಿನಲ್ಲಿ ಕೂರಿಸಿದ ದೊಡ್ಡ ಸೆಟ್ ಬೋಟಿನ ಬ್ಯಾಟರಿಯಿಂದ ನಡೆಯುತ್ತದೆ. ಎಂಜಿನ್ ಕೋಣೆಗೆ ನೀರು ನುಗ್ಗಿದರೆ ಕರೆಂಟ್ ಹೋಯಿತು, ಸೆಟ್ಟೂ ಹೋಯಿತು. ಕೈ ರೇಡಿಯೊ ಮಾತ್ರ ಮನುಷ್ಯನ ಜೊತೆ ನೀರಿಗೆ ಬರುತ್ತದೆ. ಒಳ್ಳೆಯ ಸೆಟ್‌ಗಳು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಕೆಡುವುದಿಲ್ಲ, ಕೆಲವು ತೇಲುತ್ತವೆ. ಆದರೆ ಅದು ಲೈಫ್ ಜಾಕೆಟ್ಟಿಗೆ ದಾರ ಹಾಕಿ ಕಟ್ಟಿದ್ದರೆ ತಾನೇ? ಕ್ಯಾಬಿನ್ನಿನ ಮೊಳೆಗೆ ನೇತು ಹಾಕಿದ್ದರೆ ಬೋಟಿನ ಜೊತೆ ಅದೂ ಮುಳುಗುತ್ತದೆ.

ಈಗ ಆ ಗುಂಡಿಯ ವಿಷಯ. ಈ ಸೆಟ್‌ಗಳಲ್ಲಿ ಡಿಎಸ್‌ಸಿ, ಅಂದರೆ ಡಿಜಿಟಲ್ ಸೆಲೆಕ್ಟಿವ್ ಕಾಲಿಂಗ್ ಅನ್ನುವ ಸೌಲಭ್ಯ ಇರುತ್ತದೆ. ಒಂದು ಮುಚ್ಚಳದ ಕೆಳಗೆ ಕೆಂಪು ಗುಂಡಿ. ಮುಚ್ಚಳ ಎತ್ತಿ, ಗುಂಡಿಯನ್ನು ಕೆಲವು ಸೆಕೆಂಡು ಬಿಡದೆ ಒತ್ತಿ ಹಿಡಿಯಬೇಕು. ಸುಮ್ನೆ ಒಂದು ಸಲ ಒತ್ತಿ ಬಿಟ್ಟರೆ ಹೋಗುವುದಿಲ್ಲ, ತಪ್ಪಿ ಕೈ ತಾಗಿದಾಗ ಕರೆ ಹೋಗಬಾರದೆಂದು ಹಾಗೆ ಮಾಡಿದ್ದಾರೆ. ಹಿಡಿದರೆ ಸೆಟ್ ತಾನಾಗಿ ಚಾನೆಲ್ 70ರಲ್ಲಿ, ಅಂದರೆ 156.525 ಮೆಗಾಹರ್ಟ್ಸ್‌ನಲ್ಲಿ, ಒಂದು ಸಂದೇಶ ಕಳಿಸುತ್ತದೆ. ಅದರಲ್ಲಿ ಬೋಟಿನ ಗುರುತಿನ ಸಂಖ್ಯೆ, ಜಿಪಿಎಸ್ ಹೇಳಿದ ಜಾಗ, ಆ ಜಾಗ ಗುರುತಿಸಿದ ಸಮಯ ಎಲ್ಲ ಇರುತ್ತದೆ. ಸಮಯ ಇದ್ದರೆ ಮೊದಲೇ ಮೆನುವಿನಲ್ಲಿ ಬೆಂಕಿ, ಮುಳುಗಡೆ, ಮನುಷ್ಯ ನೀರಿಗೆ ಬಿದ್ದಿದ್ದು ಹೀಗೆ ಅಪಾಯ ಯಾವುದೆಂದು ಆರಿಸಬಹುದು, ಇಲ್ಲದಿದ್ದರೆ ಬರೀ ಅಪಾಯ ಅಂತ ಹೋಗುತ್ತದೆ, ಅದೂ ಸಾಕು. ಯಾರಾದರೂ ಮರುಸಂದೇಶ ಕೊಡುವವರೆಗೆ ಸೆಟ್ ಸುಮಾರು 4 ನಿಮಿಷಕ್ಕೊಮ್ಮೆ ಅದೇ ಸಂದೇಶವನ್ನು ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ.

ನನಗೆ ಇದು ಯಾಕೆ ಇಷ್ಟು ಮುಖ್ಯ ಅನಿಸುತ್ತದೆ ಗೊತ್ತಾ? ಮೊಳಕಾಲ್ಮೂರಿನ ಹುಡುಗನಿಗೆ ಇಂಗ್ಲಿಷ್ ಬರುವುದಿಲ್ಲ, ತುಳು, ಕೊಂಕಣಿ ಬರುವುದಿಲ್ಲ. ಹತ್ತಿರದಲ್ಲಿ ಹೋಗುತ್ತಿರುವುದು ಹೊರದೇಶದ ಸರಕು ಹಡಗು ಇರಬಹುದು. ಅಂತರರಾಷ್ಟ್ರೀಯ ಸಂಚಾರದ 300 ಟನ್‌ಗಿಂತ ದೊಡ್ಡ ಸರಕು ಹಡಗುಗಳು ಚಾನೆಲ್ 70ರ ಮೇಲೆ ಸದಾ ಕಿವಿ ಇಟ್ಟಿರಲೇಬೇಕು ಅಂತ ನಿಯಮ ಇದೆ, 1999ರ ಫೆಬ್ರುವರಿಯಿಂದ ಈ ವ್ಯವಸ್ಥೆ ಪೂರ್ತಿ ಜಾರಿಯಲ್ಲಿದೆ. ಆ ಹಡಗಿನ ಸೆಟ್ಟಿನಲ್ಲಿ ಅಲಾರಂ ಹೊಡೆದುಕೊಂಡು ಬೋಟ್ ಎಲ್ಲಿದೆ ಅಂತ ಅಂಕಿಗಳಲ್ಲಿ ಬರುತ್ತದೆ. ಭಾಷೆ ಬೇಕಿಲ್ಲ. ಹೆದರಿ ನಾಲಿಗೆ ಒಣಗಿದವನೂ ಗುಂಡಿ ಒತ್ತಬಲ್ಲ.

ಆದರೆ ಇಲ್ಲಿ ಎರಡು ಕಡೆ ಎಡವುತ್ತೇವೆ. ಮೊದಲನೆಯದು ಆ ಗುರುತಿನ ಸಂಖ್ಯೆ. ಅದಕ್ಕೆ ಎಂಎಂಎಸ್‌ಐ ಅನ್ನುತ್ತಾರೆ, 9 ಅಂಕಿ, ಭಾರತದ್ದು 419ರಿಂದ ಶುರುವಾಗುತ್ತದೆ. ಪರವಾನಗಿ ಮಾಡಿಸಿ ಆ ಸಂಖ್ಯೆ ಪಡೆದು ಸೆಟ್ಟಿಗೆ ತುಂಬಿಸಬೇಕು. ತುಂಬಿಸದ ಸೆಟ್ಟಿನಲ್ಲಿ ಕೆಂಪು ಗುಂಡಿ ಎಷ್ಟು ಹೊತ್ತು ಒತ್ತಿದರೂ ಕರೆ ಹೋಗುವುದಿಲ್ಲ! ಸೆಟ್ ತಂದಿದ್ದೇವೆ, ಬೋಟಿನಲ್ಲಿ ಇಟ್ಟಿದ್ದೇವೆ ಅಂತ ಮಾಲೀಕರು ನಿಶ್ಚಿಂತೆಯಿಂದ ಇರಬಹುದು, ಒಳಗೆ ಸಂಖ್ಯೆಯೇ ಇಲ್ಲದಿದ್ದರೆ ಅದು ಬರೀ ಮಾತಾಡುವ ವಾಕಿಟಾಕಿ ಅಷ್ಟೇ. ಒಮ್ಮೆ ತಪ್ಪು ತುಂಬಿಸಿದರೆ ಎಷ್ಟೋ ಸೆಟ್‌ಗಳಲ್ಲಿ ನಾವೇ ಅಳಿಸಿ ಬರೆಯಲು ಬರುವುದಿಲ್ಲ, ಮಾರಿದವರ ಹತ್ತಿರವೇ ಒಯ್ಯಬೇಕು. ಹಾಗಾಗಿ ಅಂಕಿ ತುಂಬುವಾಗ ಇಬ್ಬರು ಕೂತು ಓದಿ ನೋಡಿ ತುಂಬಲಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ವಾಕಿಟಾಕಿ ತಂದು ಬೋಟಿನಲ್ಲಿ ಇಡುವುದಂತೂ ಬೇಡವೇ ಬೇಡ. ಅದಕ್ಕೆ ಈ ಗುಂಡಿಯೂ ಇಲ್ಲ, ಪರವಾನಗಿಯೂ ಇಲ್ಲ.

ಎರಡನೆಯದು ಜಿಪಿಎಸ್. ಸೆಟ್ ಕ್ಯಾಬಿನ್ನಿನ ಒಳಗೆ, ಪೆಟ್ಟಿಗೆಯಲ್ಲಿ ಇದ್ದರೆ ಅದಕ್ಕೆ ಆಕಾಶ ಕಾಣುವುದಿಲ್ಲ, ಜಾಗ ಸಿಗುವುದಿಲ್ಲ. ಆನ್ ಮಾಡಿದ ಮೇಲೂ ಉಪಗ್ರಹ ಹಿಡಿಯಲು ಸ್ವಲ್ಪ ಹೊತ್ತು ಬೇಕು. ಕಡಲು ಕೆಟ್ಟಿದೆ ಅನಿಸಿದ ಕೂಡಲೇ ಸೆಟ್ ಆನ್ ಮಾಡಿ ಹೊರಗೆ ತರಬೇಕು. ಜಾಗ ಇಲ್ಲದೆ ಹೋದ ಕರೆ ಅಪಾಯ ಅಂತ ಮಾತ್ರ ಹೇಳುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ.

ಎಲ್ಲಿ ಅನ್ನುವುದು ಎಷ್ಟು ದೊಡ್ಡ ಪ್ರಶ್ನೆ ಅಂತ ನಮ್ಮ ರಾಜ್ಯಕ್ಕೆ ಗೊತ್ತಿದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ 7 ಜನರ ಸಮೇತ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಬಳಿ ಕಡಲ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇನಲ್ಲಿ. ಅಷ್ಟು ತಿಂಗಳು ಆ ಮನೆಗಳವರು ಹೇಗೆ ದಿನ ಕಳೆದರೋ. ಒಂದು ಗುಂಡಿ ಇದ್ದಿದ್ದರೆ ಅವರು ಉಳಿಯುತ್ತಿದ್ದರು ಅಂತ ನಾನು ಹೇಳುತ್ತಿಲ್ಲ, ಆ ರಾತ್ರಿ ಏನಾಯಿತೋ ನೋಡಿದವರು ಯಾರೂ ಇಲ್ಲ. 2021ರ ಮೇನಲ್ಲಿ ತೌಕ್ತೆ ಚಂಡಮಾರುತದ ಹೊತ್ತಿಗೆ ಮೂಲ್ಕಿ ಹತ್ತಿರ ಬಂಡೆಗಳ ನಡುವೆ ಸಿಕ್ಕಿಕೊಂಡ ಕೋರಮಂಡಲ್ ಸಪೋರ್ಟರ್ ಟಗ್ಗಿನ, ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ಬೋಟಿನ, 9 ಜನರನ್ನೂ ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಸೇರಿ ಕಾಪಾಡಿದವು. ಅಷ್ಟು ದೊಡ್ಡ ಅಲೆಗಳಲ್ಲೂ ಅದು ಆಯಿತು, ಯಾಕೆಂದರೆ ಅವರು ಎಲ್ಲಿದ್ದಾರೆ ಅಂತ ಗೊತ್ತಿತ್ತು.

ಗುಂಡಿ ಒತ್ತಿದ ಮೇಲೆ ಕೆಲಸ ಮುಗಿಯಲಿಲ್ಲ. ಚಾನೆಲ್ 70ರಲ್ಲಿ ಮಾತಾಡಲು ಬರುವುದಿಲ್ಲ. ಮಾತಿಗೆ ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್. ಪವರ್ ಹೈನಲ್ಲಿ ಇಡಬೇಕು, ಆಂಟೆನಾ ನೆಟ್ಟಗೆ ಹಿಡಿಯಬೇಕು, ಆದಷ್ಟು ಎತ್ತರದಲ್ಲಿ ನಿಲ್ಲಬೇಕು. ಸೆಟ್ಟಿನ ಬದಿಯಲ್ಲಿರುವ ಗುಂಡಿ ಒತ್ತಿಕೊಂಡು ಮಾತಾಡಿ, ಬಿಟ್ಟು ಕೇಳಬೇಕು. ಎಷ್ಟೋ ಜನ ಒತ್ತಿಕೊಂಡೇ ಕಾಯುತ್ತಾರೆ, ಆ ಕಡೆಯವರ ಉತ್ತರ ಅವರಿಗೆ ಕೇಳುವುದೇ ಇಲ್ಲ. ಹೇಳಬೇಕಾದ್ದು ಹೀಗೆ: "ಮೇಡೇ, ಮೇಡೇ, ಮೇಡೇ." ಆಮೇಲೆ ಬೋಟಿನ ಹೆಸರು ಮೂರು ಸಲ, ಗುರುತಿನ ಸಂಖ್ಯೆ. ಮತ್ತೆ ಒಮ್ಮೆ ಮೇಡೇ ಅಂದು ಬೋಟಿನ ಹೆಸರು. ಆಮೇಲೆ ಇರುವ ಜಾಗ, ಆಗಿರುವ ತೊಂದರೆ, ಬೇಕಾದ ಸಹಾಯ, ಎಷ್ಟು ಜನ ಇದ್ದೇವೆ. ಕೊನೆಗೆ ಓವರ್. ಇಂಗ್ಲಿಷ್ ಬರದಿದ್ದರೆ ಮೇಡೇ ಅಂದು ಉಳಿದಿದ್ದನ್ನು ಕನ್ನಡದಲ್ಲೇ ಹೇಳಲಿ. ಸುತ್ತ ಇರುವುದು ಹೆಚ್ಚಿನ ಪಾಲು ನಮ್ಮದೇ ಬೋಟುಗಳು, ಅವರಿಗೆ ಅರ್ಥವಾಗುತ್ತದೆ. ಎಂಜಿನ್ ಕೆಟ್ಟಿದೆ, ಆದರೆ ಜೀವಕ್ಕೆ ಈಗಲೇ ಅಪಾಯವಿಲ್ಲ ಅಂದರೆ ಮೇಡೇ ಕೂಗಬಾರದು, ಅದಕ್ಕೆ ಪಾನ್ ಪಾನ್ ಅಂತ ಮೂರು ಸಲ ಹೇಳುವ ಕ್ರಮ ಬೇರೆ ಇದೆ. ತಪ್ಪಿ ಕೆಂಪು ಗುಂಡಿ ಒತ್ತಿಹೋದರೆ ಹೆದರಿ ಸುಮ್ಮನಿರಬಾರದು. ಸೆಟ್ಟಿನಲ್ಲಿ ಕರೆ ರದ್ದು ಮಾಡಿ, 16ರಲ್ಲಿ ಬೋಟಿನ ಹೆಸರು ಹೇಳಿ ತಪ್ಪಿ ಹೋದ ಕರೆ ಅಂತ ತಿಳಿಸಬೇಕು. ಇಲ್ಲದಿದ್ದರೆ ನಮ್ಮನ್ನು ಹುಡುಕಿಕೊಂಡು ಹಡಗು ಬರುತ್ತದೆ, ಅದೇ ಹೊತ್ತಿಗೆ ನಿಜವಾಗಿ ಮುಳುಗುತ್ತಿರುವವನು ಕಾಯುತ್ತಾನೆ.

ಈ ಕೈ ರೇಡಿಯೊಗೂ ಒಂದು ಮಿತಿ ಇದೆ, ಅದನ್ನೂ ಹೇಳಲೇಬೇಕು. ಇದರ ಶಕ್ತಿ 5-6 ವ್ಯಾಟ್. ರೇಡಿಯೊ ಅಲೆಗಳು ಟಾರ್ಚ್ ಬೆಳಕಿನ ಹಾಗೆ ಹೆಚ್ಚುಕಡಿಮೆ ನೇರ ಹೋಗುತ್ತವೆ, ಭೂಮಿಯ ಬಾಗು ಅಡ್ಡ ಬರುತ್ತದೆ. ಬೋಟಿನ ಮೇಲೆ ನಿಂತು ಇನ್ನೊಂದು ಬೋಟಿಗೆ 8-10 ಕಿಲೋಮೀಟರ್ ಸಿಕ್ಕರೆ ಒಳ್ಳೆಯದೇ. ನೀರಿನಲ್ಲಿ ತೇಲುತ್ತಾ ಹಿಡಿದರೆ ಇನ್ನೂ ಕಡಿಮೆ. ದಡದ ಎತ್ತರದ ಟವರಿಗೆ ಇದಕ್ಕಿಂತ ದೂರದಿಂದ ಸಿಗುತ್ತದೆ, ಆದರೆ ಆಳಸಮುದ್ರದಿಂದ ಅಲ್ಲ. ಅಲ್ಲಿ ನಮ್ಮ ಕೂಗು ಕೇಳುವುದು ಅಕ್ಕಪಕ್ಕದ ಬೋಟಿಗೆ, ದಾರಿಯಲ್ಲಿ ಹೋಗುವ ಹಡಗಿಗೆ. ಅದಕ್ಕೇ ಚಾನೆಲ್ 16ರಲ್ಲಿ ಮೀನಿನ ರೇಟು, ಹರಟೆ ಬೇಡ, ಆ ಮಾತಿಗೆ 72ರಂತಹ ಬೇರೆ ಚಾನೆಲ್ ಇವೆ. ದೂರ ಹೋಗುವ ಬೋಟಿಗೆ ಇಸ್ರೋ ಮಾಡಿರುವ ಡ್ಯಾಟ್ ಅನ್ನುವ ಅಪಾಯ ತಿಳಿಸುವ ಸಾಧನ ಕೂಡ ಬೇಕು. 2010ರಿಂದ ಬಳಕೆಯಲ್ಲಿರುವ ಈ ಸಾಧನದ ಅಪಾಯದ ಸಂದೇಶ ಉಪಗ್ರಹದ ಮೂಲಕ ಹೋಗಿ ಕೋಸ್ಟ್ ಗಾರ್ಡ್‌ಗೆ ಮುಟ್ಟುತ್ತದೆ. ಅದರ ಎರಡನೇ ತಲೆಮಾರಿನ ಸಾಧನದಲ್ಲಿ ಸಂದೇಶ ಮುಟ್ಟಿದೆ ಅಂತ ಬೋಟಿಗೆ ವಾಪಸ್ ತಿಳಿಸುವ ವ್ಯವಸ್ಥೆಯೂ ಇದೆ. ಡ್ಯಾಟ್ ದೂರದವರನ್ನು ಎಬ್ಬಿಸುತ್ತದೆ, ರೇಡಿಯೊ ಹತ್ತಿರದವರನ್ನು ಕರೆಯುತ್ತದೆ. ಒಂದಿದ್ದರೆ ಇನ್ನೊಂದು ಬೇಡ ಅನ್ನುವ ವಾದ ನನಗೆ ಒಪ್ಪಿಗೆ ಇಲ್ಲ. ಮೊದಲು ಬಂದು ಮೇಲೆತ್ತುವುದು ಹತ್ತಿರದ ಬೋಟಿನವರೇ ಅಲ್ವಾ?

ಇನ್ನು ಇದನ್ನು ಕಲಿಸುವವರು ಯಾರು? ಮೀನುಗಾರಿಕೆ ಇಲಾಖೆ, ಕರಾವಳಿ ಕಾವಲು ಪೊಲೀಸರು ಬಂದರುಗಳಲ್ಲಿ ಅರಿವು ಕಾರ್ಯಕ್ರಮ ಮಾಡುತ್ತಾರೆ, ಅದು ಒಳ್ಳೆಯ ಕೆಲಸ. ಆದರೆ ನಾಳೆ ಬೆಳಗ್ಗೆ ಬೋಟ್ ಹೊರಡುತ್ತದೆ ಅಂತ ಇಂದು ರಾತ್ರಿ ಬಸ್ಸಿಳಿದು ದಕ್ಕೆಗೆ, ಅಂದರೆ ಬೋಟ್ ನಿಲ್ಲುವ ಕಟ್ಟೆಗೆ, ಹೋಗುವ ಹುಡುಗ ಆ ಕಾರ್ಯಕ್ರಮದಲ್ಲಿ ಕೂರುವುದು ಯಾವಾಗ? ಅವನು ಇಲ್ಲಿ ಇರುವಾಗಲೇ ಕಲಿಸಬೇಕು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಐಟಿಐಗಳಿವೆ, ಪಾಲಿಟೆಕ್ನಿಕ್‌ಗಳಿವೆ. ಜುಲೈನಲ್ಲಿ ಒಂದು ಭಾನುವಾರ ಅರ್ಧ ದಿನ ಸಾಕು. ಮೀನುಗಾರಿಕೆ ಇಲಾಖೆಯವರು ಒಂದೆರಡು ಸೆಟ್ ತಂದರೆ ಕೋಣೆ, ಕಲಿಸುವವರು ನಾವು ಕೊಡುತ್ತೇವೆ. ನಮ್ಮ ಜಿಲ್ಲೆಗೆ ಸಮುದ್ರವೇ ಇಲ್ಲ, ನಿಮಗ್ಯಾಕೆ ಇದು ಅಂತ ಯಾರಾದರೂ ಕೇಳಿದರೆ, ನಮ್ಮ ಹುಡುಗರು ಅಲ್ಲಿದ್ದಾರೆ ಅನ್ನುವುದೇ ಉತ್ತರ.

ಇಲ್ಲಿ ಕಲಿಸುವಾಗ ಸೆಟ್ಟಿನಿಂದ ಕರೆ ಕಳಿಸುವಂತಿಲ್ಲ, ಅದು ತಪ್ಪು, ಕೆಂಪು ಗುಂಡಿಯ ಮುಚ್ಚಳ ಎತ್ತಿ ತೋರಿಸಬಹುದು ಅಷ್ಟೇ. ಉಳಿದಿದ್ದನ್ನೆಲ್ಲ ಕಲಿಸಬಹುದು. ಜಾಗ ಓದುವುದನ್ನು ಮೊಬೈಲಿನಲ್ಲೇ ಕಲಿಯಬಹುದು. ದಾವಣಗೆರೆ ಊರು 14 ಡಿಗ್ರಿ 28 ನಿಮಿಷ ಉತ್ತರ, 75 ಡಿಗ್ರಿ 55 ನಿಮಿಷ ಪೂರ್ವದಲ್ಲಿದೆ. ಮಲ್ಪೆ 13 ಡಿಗ್ರಿ 21 ನಿಮಿಷ ಉತ್ತರ, 74 ಡಿಗ್ರಿ 42 ನಿಮಿಷ ಪೂರ್ವ. ಇವೆರಡನ್ನು ಬರೆದು, ಪೂರ್ವದ ಅಂಕಿ ಇಳಿದಷ್ಟೂ ನೀನು ಪಶ್ಚಿಮಕ್ಕೆ, ದಡದಿಂದ ದೂರಕ್ಕೆ ಹೋಗುತ್ತಿದ್ದೀಯ ಅಂತ ತೋರಿಸಿದರೆ ಹತ್ತನೇ ಕ್ಲಾಸ್ ಓದಿದವನಿಗೆ ತಕ್ಷಣ ತಿಳಿಯುತ್ತದೆ. ಡಿಗ್ರಿ, ನಿಮಿಷ ಓದುವುದು ಬಂದರೆ ಜಿಪಿಎಸ್ ಜಾಗವನ್ನು ಚಾನೆಲ್ 16ರಲ್ಲಿ ತಡವರಿಸದೆ ಹೇಳುತ್ತಾನೆ. ಮೇಡೇ ಕರೆಯನ್ನು ಒಬ್ಬ ಹೇಳಿ, ಇನ್ನೊಬ್ಬ ಕಾಗದದಲ್ಲಿ ಬರೆದುಕೊಂಡು ಅಭ್ಯಾಸ ಮಾಡಲಿ. ಬರೆದುಕೊಂಡಿದ್ದರಲ್ಲಿ ಜಾಗ ತಪ್ಪಿದ್ದರೆ ಮತ್ತೊಮ್ಮೆ ಮಾಡಲಿ.

ಬೋಟ್ ಮಾಲೀಕರಲ್ಲೂ ಒಂದು ವಿನಂತಿ. ಸೆಟ್ಟಿನ ಜೊತೆ ಬರುವ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ಯಾರೂ ತೆರೆಯುವುದಿಲ್ಲ. ಮೇಲೆ ಬರೆದ ಕ್ರಮವನ್ನು ದೊಡ್ಡ ಕನ್ನಡ ಅಕ್ಷರದಲ್ಲಿ, ನಿಮ್ಮ ಬೋಟಿನ ಹೆಸರು ಮತ್ತು 9 ಅಂಕಿ ಸೇರಿಸಿ, ನೀರು ತಾಗದಂತೆ ಲ್ಯಾಮಿನೇಷನ್ ಮಾಡಿಸಿ ಕ್ಯಾಬಿನ್ನಿನಲ್ಲಿ ಅಂಟಿಸಿ. ಪ್ರತಿ ಸಲ ಹೊರಡುವಾಗ ಬ್ಯಾಟರಿ ತುಂಬಿದೆಯಾ ನೋಡಿ. ವಾಪಸ್ ಬಂದ ಮೇಲೆ ಸೆಟ್ಟನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿಡಿ, ಉಪ್ಪು ಕೂತರೆ ಚಾರ್ಜಿಂಗ್ ಜಾಗ ಹಾಳಾಗುತ್ತದೆ. ಹೊಸ ಹುಡುಗ ಬಂದರೆ ಬಲೆ ಎಳೆಯುವುದನ್ನು ಕಲಿಸುವ ಮೊದಲು ಸೆಟ್ಟನ್ನು ಅವನ ಕೈಗೆ ಕೊಟ್ಟು ತೋರಿಸಿ.

ಇಲ್ಲಿ ಉಳಿಯುವ ಮನೆಯವರಿಗೂ ಒಂದು ಮಾತು. ಮಗ ಹೊರಡುವಾಗ ಬೋಟಿನ ಹೆಸರು, ಐಎನ್‌ಡಿ-ಕೆಎ ಅಂತ ಶುರುವಾಗುವ ನೋಂದಣಿ ಸಂಖ್ಯೆ, ಮಾಲೀಕರ ಫೋನ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಆ ಬೋಟಿನಲ್ಲಿ ಕೆಂಪು ಗುಂಡಿಯ ರೇಡಿಯೊ ಇದೆಯಾ, ಅದಕ್ಕೆ ಸಂಖ್ಯೆ ಹಾಕಿಸಿದ್ದಾರಾ ಅಂತ ಧೈರ್ಯವಾಗಿ ಕೇಳಿ. ಬರುವ ದಿನ ಕಳೆದರೂ ಸುದ್ದಿ ಇಲ್ಲದಿದ್ದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ತಮ್ಮ ಪತ್ರಿಕೆ ಜುಲೈ ಕೊನೆಯ ವಾರ ಈ ಎರಡು ನಂಬರುಗಳನ್ನು ದಾವಣಗೆರೆ, ಚಿತ್ರದುರ್ಗ ಆವೃತ್ತಿಯಲ್ಲೂ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಐಟಿಐ ಬೋಧಕ, ದಾವಣಗೆರೆ